ಬನ್ನಿಗೆ ಕಟ್ಟಿದ ಹಗ್ಗ

ನಮ್ಮ ಹೊಲಕ್ಕೆ ಆಷಾಢದ ಗಾಳಿ ಪಡುವಣದಿಂದ ಬರುತ್ತದೆ. ದೋರನಹಳ್ಳಿಯ ಆಚೆಗೆ ನೆಲವೆಲ್ಲ ಎರೆಭೂಮಿ. ಗಾಳಿಯನ್ನು ತಡೆಯಲು ಅಲ್ಲಿ ಗುಡ್ಡವಿಲ್ಲ, ತೋಪಿಲ್ಲ. ಹತ್ತಿಯ ಸಸಿ ಎರಡೆಲೆ ಬಿಚ್ಚಿ ತಲೆಯೆತ್ತುವ ಹೊತ್ತಿಗೇ ಅದು ಏಳುತ್ತದೆ. ಒಣಗಿದ ಮಣ್ಣಿನ ಹರಳುಗಳನ್ನೆತ್ತಿ ಎಳೆಯ ದಂಟಿಗೆ ಬಡಿಯುತ್ತದೆ. ಮೂರು ದಿನ ಹಾಗೆ ಬಡಿದರೆ ದಂಟಿನ ಸಿಪ್ಪೆ ಸುಲಿದು, ಸಸಿಯ ಒಂದು ಮಗ್ಗುಲು ಬೆಂಕಿ ತಗುಲಿದಂತೆ ಕಪ್ಪಾಗುತ್ತದೆ. ಮೆಣಸಿನ ಸಸಿಯನ್ನು ಕೊಲ್ಲುವ ಬಗೆ ಇನ್ನೂ ಕ್ರೂರ: ಬುಡದಲ್ಲಿ ತಿರುವಿ ತಿರುವಿ, ಕತ್ತು ಹಿಸುಕಿ ಬಿಡುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಸಾಲಿಗೆ ಸಾಲೇ ಒಂದೇ ಕಡೆಗೆ ಮುಖಮಾಡಿ ಸತ್ತಿರುತ್ತದೆ.

ನಾನು ಸುರಪುರದ ಕಡೆಯ ಒಂದು ಮಠದ ಪಾಠಶಾಲೆಯಲ್ಲಿ ಸಂಸ್ಕೃತ ಕಲಿತು, ಅಲ್ಲಿಯೇ ಬಹುಕಾಲ ಕಲಿಸಿ, ಅರವತ್ತು ದಾಟಿದ ಮೇಲೆ ಊರಿಗೆ ಹಿಂತಿರುಗಿದವನು. ಹೊಲವನ್ನು ಅದುವರೆಗೆ ನೋಡಿಕೊಂಡವನು ನನ್ನ ತಮ್ಮ. ಬಂದ ವರ್ಷವೇ ಆ ಗಾಳಿಯ ಸಂಹಾರವನ್ನು ಅವನ ಪಕ್ಕದಲ್ಲಿ ನಿಂತು ಕಂಡೆ. ಸತ್ತ ಸಸಿಯೊಂದನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡು ಅವನು ಕೇಳಿದ:

“ಅಣ್ಣಾರ, ಗಾಳಿಗಿ ಏನಾರ ಮಂತ್ರ ಐತೇನ್ರಿ ನಿಮ್ಮ ಪುಸ್ತಕದಾಗ?”

“ಮಂತ್ರ ಇಲ್ಲಪ್ಪ. ಮರ ಅದಾವ,” ಎಂದೆ.

ಮರ ನೆಟ್ಟವನಿಗೆ ಬರುವ ಪುಣ್ಯದ ಶ್ಲೋಕಗಳನ್ನು ನಾನು ಎಷ್ಟೋ ತಲೆಮಾರಿನ ವಿದ್ಯಾರ್ಥಿಗಳಿಗೆ ಬಾಯಿಪಾಠ ಮಾಡಿಸಿದ್ದೆ; ನನ್ನ ಕೈಯಿಂದ ಒಂದು ಸಸಿಯನ್ನೂ ನೆಟ್ಟಿರಲಿಲ್ಲ. ಈಗ ಆ ಋಣ ತೀರಿಸುವ ಕಾಲ ಬಂತೆಂದು ಭಾವಿಸಿದೆ. ಪಡುವಣ ಗಡಿಯುದ್ದಕ್ಕೂ ಬೇವು ಒಂದು, ಹೊಂಗೆ ಒಂದು ಎಂಬಂತೆ ನಲವತ್ತು ಸಸಿ ನೆಡುವುದೆಂದು ನಿಶ್ಚಯವಾಯಿತು. ಬೇವು ಎತ್ತರಕ್ಕೆ ಹೋಗಿ ಮೇಲಿನ ಗಾಳಿಯನ್ನು ಹಿಡಿಯುತ್ತದೆ, ಹೊಂಗೆ ತಗ್ಗಿನಲ್ಲೇ ಕವಲೊಡೆದು ಕೆಳಗಿನ ಗಾಳಿಯನ್ನು ಸೋಸುತ್ತದೆ.

ಗಡಿಯ ಬಡಗಣ ತುದಿಯಲ್ಲಿ ಹಳೆಯ ಬಾಂದುಕಲ್ಲು ಕಣ್ಣಿಗೆ ಕಾಣುವಂತೆ ನಿಂತಿತ್ತು. ತೆಂಕಣ ತುದಿಯ ಕಲ್ಲು ಎಲ್ಲಿಯೋ ಮಣ್ಣಿನಲ್ಲಿ ಹುಗಿದುಹೋಗಿತ್ತು. ಆ ಭಾಗದ ಬದುವನ್ನು ಎರಡೂ ಕಡೆಯ ನೇಗಿಲು ಎಂದೋ ತಿಂದುಹಾಕಿದ್ದವು. ಅಲ್ಲಿ ಕಾಣುತ್ತಿದ್ದುದು ಒಂದು ಬನ್ನಿ ಮರ ಮಾತ್ರ. ನಮ್ಮ ತಂದೆಯವರು ಪ್ರತಿ ದಸರೆಗೆ ಆ ಮರದ ಬುಡದಲ್ಲಿ ಪೂಜೆ ಮಾಡಿ ಬನ್ನಿ ಮುಡಿಯುತ್ತಿದ್ದರು. ಐವತ್ತು ವರ್ಷ ಪೂಜಿಸಿದ ಮರ ನಮ್ಮದೇ ಇರಬೇಕು, ನಮ್ಮ ಗಡಿ ಅದರ ಬುಡದಲ್ಲೇ ಇರಬೇಕು ಎಂಬುದು ಮನೆಯಲ್ಲಿ ಯಾರೂ ಪರೀಕ್ಷಿಸದ ಮಾತು.

“ಕಲ್ಲು ಹುಡಿಕಿ ಹಗ್ಗ ಹಿಡಿಯೂಣೇನ್ರಿ, ಅಣ್ಣಾರ?” ಎಂದು ತಮ್ಮ ಕೇಳಿದ್ದುಂಟು.

“ಶುಭಕಾರ್ಯವನ್ನ ಕಲ್ಲಿನಿಂದ ಸುರು ಮಾಡ್ತಾರೇನು?” ಎಂದು ನಾನೇ ಅವನ ಬಾಯಿ ಮುಚ್ಚಿಸಿದೆ.

ಬನ್ನಿಗೆ ವಿಭೂತಿ ಹಚ್ಚಿ, ಪ್ರದಕ್ಷಿಣೆ ಬಂದು, ಅದರ ಬೊಡ್ಡೆಗೆ ಹಗ್ಗದ ಮೊದಲ ಗಂಟು ಕಟ್ಟಿದೆ. ಇನ್ನೊಂದು ತುದಿಯನ್ನು ಬಡಗಣ ಕಲ್ಲಿಗೆ ಬಿಗಿದೆವು. ಹಗ್ಗ ತೋರಿದ ದಾರಿಯಲ್ಲಿ ಗುಂಡಿ ತೋಡಿ, ಮೃಗಶಿರ ಮಳೆಯ ಹಸಿಯಲ್ಲಿ ನಲವತ್ತೂ ಸಸಿ ಇಟ್ಟೆವು.

ಪಡುವಣ ಬದಿಯ ಹೊಲದ ಒಡೆಯನು ನನಗಿಂತ ಹತ್ತು ವರ್ಷ ಕಿರಿಯ; ಒಂಟಿಯಾಗಿ ದುಡಿಯುವ, ಮಾತಿನಲ್ಲಿ ಮೊನೆಯುಳ್ಳ ಮನುಷ್ಯ. ಅಂದು ಎತ್ತು ಹಿಡಿದುಕೊಂಡು ನಿಂತು ನೋಡಿದ.

“ಅಯ್ಯನವರ, ಗಾಳಿಗಿ ಗ್ವಾಡಿ ಕಟ್ಟಾಕತ್ತೀರೇನ್ರಿ?”

“ಗೋಡೆ ಅಲ್ಲ ತಮ್ಮಾ, ಜಾಲರಿ.”

“ಕಟ್ರಿ, ಕಟ್ರಿ. ಗಾಳಿ ಹಿಡದ್ರ ನಮಗೂ ಒಂದು ಚೀಲ ಕೊಡ್ರಿ,” ಎಂದು ನಕ್ಕು ಹೋದ. ಮುಂದಿನ ಬೇಸಿಗೆಯಲ್ಲಿ ನಾವು ಎರಡು ವಾರ ಊರಲ್ಲಿಲ್ಲದಾಗ, ತನ್ನ ಎತ್ತಿನ ಬಂಡಿಯಲ್ಲಿ ತಂದ ನೀರನ್ನು ನಮ್ಮ ಸಸಿಗಳಿಗೂ ಎರೆದಿದ್ದ. ಕೇಳಿದ್ದಕ್ಕೆ, “ಸಾಯಾಕತ್ತಿದ್ವು, ಹಾಕಿದ್ನಿ,” ಎಂದಷ್ಟೇ ಹೇಳಿದ.

ಮೂರನೆಯ ವರ್ಷ ಬುಡಗಳನ್ನು ಕೆದಕಿ ಪಾತಿ ಮಾಡುತ್ತಿದ್ದೆ. ಬನ್ನಿಯಿಂದ ನಮ್ಮ ಕಡೆಗೆ ಆರು ಮೊಳ ದೂರದಲ್ಲಿ ಗುದ್ದಲಿ ಕಲ್ಲಿಗೆ ತಾಗಿ ಖಣಿಲೆಂದಿತು. ಬಗೆದು ನೋಡಿದೆ. ಬಡಗಣ ತುದಿಯಲ್ಲಿದ್ದಂಥದೇ ಕಲ್ಲು. ತಲೆಯ ಮೇಲೆ ಅದೇ ಗೀಟುಗಳು. ಅಂದರೆ ಬನ್ನಿ ಮರ ಆರು ಮೊಳ ಒಳಗೆ, ನೆರೆಯವನ ಹೊಲದಲ್ಲಿ ನಿಂತಿತ್ತು. ಬಡಗಣ ತುದಿಯ ಮೂರು ನಾಲ್ಕನ್ನು ಬಿಟ್ಟರೆ ನಾನು ಪುಣ್ಯಾರ್ಥವಾಗಿ ನೆಟ್ಟ ಮರಗಳೆಲ್ಲ ಪರರ ಭೂಮಿಯಲ್ಲಿದ್ದವು.

ಆ ವರ್ಷವೇ ಮೊದಲ ಬಾರಿಗೆ ಮರಗಳು ಎದೆಯೆತ್ತರ ಬಂದಿದ್ದವು. ಆ ಆಷಾಢದಲ್ಲೇ ಮೊದಲ ಬಾರಿಗೆ ಅವುಗಳ ಮರೆಯ ಹತ್ತು ಸಾಲು ಹತ್ತಿ ಉಳಿದಿತ್ತು. ನಾನು ಸುತ್ತಲೂ ನೋಡಿದೆ. ತಮ್ಮ ಆ ಕೊನೆಯಲ್ಲಿದ್ದ. ಕಾಲಿನಿಂದ ಮಣ್ಣು ನೂಕಿ ಕಲ್ಲನ್ನು ಮುಚ್ಚಿ, ಮೇಲೆ ತುಳಿದು, ಹರಿದ ಕಳೆಯನ್ನು ಅದರ ಮೇಲೆ ಹಾಸಿದೆ. ಅಂದು ಸಂಜೆ ಸ್ನಾನ ಮಾಡಿ ಲಿಂಗಪೂಜೆಗೆ ಕುಳಿತೆ. ಪೂಜೆ ಎಂದಿನಂತೆ ಸಾಗಿತು. ಅದೇ ನನ್ನನ್ನು ಇಂದಿಗೂ ಹೆದರಿಸುವ ಸಂಗತಿ.

ಐದನೆಯ ವರ್ಷ ಬೇವುಗಳು ಎರಡಾಳೆತ್ತರ ಬೆಳೆದವು. ನಮ್ಮ ಬೆಳೆ ನಿಂತಿತು. ನೆರೆಯವನ ಹೊಲ ಗಾಳಿ ಬರುವ ಕಡೆಗಿದ್ದುದರಿಂದ ಮರಗಳಿಂದ ಅವನಿಗೆ ಯಾವ ರಕ್ಷಣೆಯೂ ಇರಲಿಲ್ಲ. ಬೇರು ಮತ್ತು ಬೆಳಗಿನ ನೆರಳು ಮಾತ್ರ ಅವನ ಪಾಲಿಗೆ ಬಂದವು. ಒಂದು ದಿನ ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತ.

“ಅಯ್ಯನವರ, ಬನ್ನಿ ಮರದ ಹತ್ರ ಆರು ಸಾಲು ತೊಗರಿ ಕಾಯೇ ಹಿಡದಿಲ್ಲರಿ.”

“ಬೆಳಗಿನ ನೆರಳು ಎಷ್ಟು ಹೊತ್ತು ಇದ್ದೀತು, ತಮ್ಮಾ.”

“ನೆಳ್ಳಿನ ಮಾತು ಬಿಡ್ರಿ. ನೆಲಾನ ನಂದು ಅಂತೇನಿ. ಕಲ್ಲು ಹುಡುಕೂಣು ಬರ್ರಿ.”

“ದೇವರ ಮರಕ್ಕ ಹಗ್ಗ ಕಟ್ಟಿ ನೆಟ್ಟದ್ದು. ಅದಕ್ಕಿಂತ ಕಲ್ಲು ದೊಡ್ಡದೇನು?”

“ಆ ದೇವರ ಮರ ನಮ್ಮಪ್ಪ ಕಡೀಲಾರದ ಬಿಟ್ಟದ್ದರಿ. ನಿಮ್ಮಪ್ಪಾರು ಪೂಜಿ ಮಾಡಲಿ ಅಂತ ಬಿಟ್ಟದ್ದು. ಬಿಟ್ಟದ್ದಕ್ಕ ಹೊಲಾನ ಹೋತಂದ್ರ ಹೆಂಗ್ರಿ?”

ನನಗೆ ಸಿಟ್ಟು ಬಂತು. ಪೂಜೆಗೆ ಹೊತ್ತಾಯಿತೆಂದು ಎದ್ದು ಒಳಗೆ ಹೋದೆ. ಅವನು ಇನ್ನೂ ಮೂರು ಸಲ ಬಂದ. ಮೂರು ಸಲವೂ ನಾನು ದೇವರ ಮರದ ಮಾತನ್ನೇ ಹೇಳಿದೆ. ಸರ್ವೇಗೆ ಅರ್ಜಿ ಕೊಟ್ಟಿದ್ದಾನೆಂದು ಊರಲ್ಲಿ ಮಾತಾಯಿತು. ಸರ್ವೇದವರ ಪಾಳಿ ಬರುವುದು ಬಿತ್ತನೆ ಮುಗಿದ ಮೇಲೆ ಎಂದೂ ಕೇಳಿಬಂತು.

ಜ್ಯೇಷ್ಠ ಮಾಸದ ಒಂದು ಬೆಳಿಗ್ಗೆ ನಾನೂ ತಮ್ಮನೂ ಹೊಲಕ್ಕೆ ಹೋಗುತ್ತಿರುವಾಗ ದೂರದಿಂದಲೇ ಪೆಟ್ಟಿನ ಸದ್ದು ಕೇಳಿತು. ತಮ್ಮ ಓಡಿದ. ಬನ್ನಿಯ ಬಳಿಯಿಂದ ಆರು ಮರಗಳು ಅದಾಗಲೇ ಮಲಗಿದ್ದವು. ಏಳನೆಯದಾದ ಬೇವಿನ ಬುಡದಲ್ಲಿ ನೆರೆಯವನು ಮೈ ಬೆವರಿ ನಿಂತಿದ್ದ; ಕೊಡಲಿ ಬಿದ್ದಲ್ಲೆಲ್ಲ ಮರದ ಬಿಳಿಯ ಮಾಂಸ ಹಾರುತ್ತಿತ್ತು.

“ಇಡೋ ಕೊಡ್ಲಿ,” ಎಂದ ತಮ್ಮ.

“ನನ್ನ ಹೊಲದಾಗಿನ ಕಸ ನಾ ತಗೀತೇನಿ. ನಿಂದೇನು?”

ತಮ್ಮ ಹಿಂದಿನಿಂದ ಹೋಗಿ ಅವನ ಸೊಂಟಕ್ಕೆ ಕೈ ಹಾಕಿದ. ಇಬ್ಬರೂ ಉರುಳಿದರು. ತಮ್ಮ ಅವನ ಮುಖವನ್ನು ಕಡಿದ ಬುಡಕ್ಕೆ ಒತ್ತಿ ಉಜ್ಜಿದ. ಕೆನ್ನೆ ಸಿಗಿದು ರಕ್ತ ಬಂತು. ಅವನು ಮೊಣಕಾಲಿನಿಂದ ಒದ್ದು ಬಿಡಿಸಿಕೊಂಡು ಎದ್ದ. ಎದ್ದವನ ಕೈಯಲ್ಲಿ ಕೊಡಲಿ ಇದ್ದೇ ಇತ್ತು. ಬೆದರಿಸಲು ಎತ್ತಿದನೋ ಹೊಡೆಯಲು ಎತ್ತಿದನೋ, ದೇವರೇ ಬಲ್ಲ. ತಮ್ಮ ಮುನ್ನುಗ್ಗಿದ. ಕೊಡಲಿಯ ಅಲಗು ಅವನ ಎಡ ಹೆಗಲಿಗೆ ಇಳಿಯಿತು. ಅಂಗಿ ಬಾಯಿ ತೆರೆಯಿತು, ಅದರೊಳಗೆ ಮಾಂಸವೂ ಬಾಯಿ ತೆರೆಯಿತು. ಒಂದು ಕ್ಷಣ ಬೆಳ್ಳಗೆ ಕಂಡು ಆಮೇಲೆ ತುಂಬಿಕೊಂಡಿತು.

ನನ್ನ ಕೈಯಲ್ಲಿ ಗುದ್ದಲಿಯ ಹೊಸ ಮರದ ಕಾವು ಇತ್ತು, ಹಿಡಿಯಾಗಿ ಕೂಡಿಸಲೆಂದು ತಂದದ್ದು. ಅದನ್ನು ಎರಡೂ ಕೈಯಿಂದ ಹಿಡಿದು ನೆರೆಯವನ ಬಲ ಮುಂದೋಳಿಗೆ ಬೀಸಿದೆ. ಕೊಡಲಿ ಕೆಳಗೆ ಬಿತ್ತು. ಅವನು ಬರಿಗೈಯಲ್ಲಿ ನನ್ನನ್ನು ನೋಡಿದ. ಮಾತು ಹೊರಡಿಸಲೆಂದು ಬಾಯಿ ತೆರೆದದ್ದೂ ನನಗೆ ಕಂಡಿತು. ತಮ್ಮನನ್ನು ಉಳಿಸಲು ಮೊದಲ ಏಟು ಸಾಕಾಗಿತ್ತು. ನಾನು ಎರಡನೆಯದನ್ನೂ ಹೊಡೆದೆ, ಅದೇ ತೋಳಿಗೆ, ಮೊದಲಿಗಿಂತ ಬಲವಾಗಿ. ಒಣ ತೊಗರಿಕಟ್ಟಿಗೆ ಮುರಿದ ಸದ್ದು. ಅವನ ಕೈ ಮೊಣಕೈಯ ಕೆಳಗೆ, ಬಾಗಬಾರದ ಕಡೆ ಬಾಗಿತು. ಆ ಕ್ಷಣದಲ್ಲಿ ನನಗೆ ಆದದ್ದು ಸಂತೋಷ. ಬೇರೆ ಹೆಸರಿಡಲು ಎಷ್ಟೋ ದಿನ ಯತ್ನಿಸಿ ಸೋತಿದ್ದೇನೆ.

ಅವನ ಹೆಂಡತಿ ಬುತ್ತಿ ಹೊತ್ತು ಬರುತ್ತಿದ್ದವಳು ಗಂಟು ಬಿಸುಟು ಓಡಿಬಂದಳು. ಗಂಡನನ್ನು ಎತ್ತಿ ಕೂರಿಸಿ, ಸೆರಗಿನಿಂದ ಅವನ ಕೆನ್ನೆ ಒರೆಸಿ, ಆಮೇಲೆ ನನ್ನ ಹಣೆಯ ವಿಭೂತಿಯನ್ನು ನೋಡಿ, ದನಿ ಏರಿಸದೆ ಹೇಳಿದಳು:

“ಹೊಡೀರಿ ಅಯ್ಯನವರ. ಇನ್ನೊಂದು ತೋಳು ಉಳದೈತಿ ನೋಡ್ರಿ.”

ಗೋಗಿ ಕಡೆಯಿಂದ ಬಂದ ಒಂದೇ ಒಂದು ಆಟೋ ಸಿಕ್ಕಿತು. ಗಾಯಗೊಂಡ ಇಬ್ಬರನ್ನೂ ಅದರಲ್ಲೇ, ಎದುರುಬದುರು ಮೊಣಕಾಲು ತಾಗುವಂತೆ ಕೂರಿಸಿ ಶಹಾಪುರದ ಆಸ್ಪತ್ರೆಗೆ ಒಯ್ದೆವು. ದಾರಿಯಲ್ಲಿ ನೆರೆಯವನು ಹಲ್ಲು ಕಚ್ಚಿಕೊಂಡು, “ನಿನ್ನ ರಕ್ತ ನನ್ನ ಧೋತರಕ್ಕ ಹತ್ತಾಕತ್ತೈತಿ, ಸರದು ಕುಂಡ್ರು,” ಎಂದ.

“ಒಗದು ಕೊಡ್ತೇನಿ ತಗೋ,” ಎಂದ ತಮ್ಮ.

“ಎಲ್ಲಿ ಕೈಲೆ ಒಗೀತಿ? ಹೆಗಲ ಜೋತಾಡಾಕತ್ತೈತಿ.”

“ನಿನ್ನ ಕೈ ನೋಡ್ಕೋ ಮೊದಲ. ತಿರುವಿಟ್ಟ ಕುಡುಗೋಲಾಗೈತಿ.”

ಆಟೋದವನು ಕನ್ನಡಿಯಲ್ಲಿ ನೋಡಿ, “ಹೊಡದಾಡೂದಿದ್ರ ಇಳದು ಹೊಡದಾಡ್ರಿ. ಮೊನ್ನೆ ಹೊಸಾ ಸೀಟ್ ಹಾಕಿಸೇನಿ,” ಎಂದ. ತಮ್ಮನಿಗೆ ಹೊಲಿಗೆ ಬಿದ್ದವು. ನೆರೆಯವನ ತೋಳಿಗೆ ಪ್ಲಾಸ್ಟರ್ ಹಾಕಿದರು.

ಎರಡೂ ಕಡೆ ರಕ್ತ ಬಿದ್ದಿದ್ದರಿಂದ ಠಾಣೆಗೆ ಯಾರೂ ಹೋಗಲಿಲ್ಲ. ವಾರದೊಳಗೆ ಊರ ಹಿರಿಯರು ಸೇರಿದರು. ಕಡಿಯದೆ ಉಳಿದ ಮರಗಳು ಯಾರವು, ನಿಲ್ಲಬೇಕೋ ಬೀಳಬೇಕೋ ಎಂಬುದೇ ಪ್ರಶ್ನೆ. ನೆರೆಯವನು ಕೊರಳಿಗೆ ಕೈ ತೂಗುಹಾಕಿಕೊಂಡು ಎದ್ದು ನಿಂತ.

“ಅಯ್ಯನವರು ಮಣ್ಣು ಹೊತ್ತು ನಡೀಲಿ. ಅವರು ನಡದದ್ದ ಗಡಿ. ಅವರ ಕಡಿ ಬಂದ ಮರ ಅವರವು, ನಾ ಮುಟ್ಟಂಗಿಲ್ಲ. ನನ್ನ ಕಡಿ ಬಂದ್ರ ನನ್ನ ಕೈಲೇ ಕಡೀತೇನಿ. ಬ್ಯಾರೆಯವರ ಕೈಗಿ ಕೊಡ್ಲಿ ಕೊಡಂಗಿಲ್ಲ. ತಿಂಥಣಿ ಮೌನಪ್ಪನ ಆಣಿ.”

ಗಡಿಯ ಜಗಳದಲ್ಲಿ ಮಣ್ಣು ಹೊರುವುದು ನಮ್ಮ ಸೀಮೆಯಲ್ಲಿ ಹಿಂದಿನಿಂದ ಬಂದ ಪದ್ಧತಿ. ನಡೆಯುವವನು ಸ್ನಾನ ಮಾಡಿ, ಒದ್ದೆಯುಟ್ಟು, ಅದೇ ಹೊಲದ ಮಣ್ಣಿನ ಹೆಂಟೆಯನ್ನು ತಲೆಯ ಮೇಲಿಟ್ಟುಕೊಂಡು, ತಾನು ಬಲ್ಲ ಗಡಿಯ ಮೇಲೆ ಬರಿಗಾಲಲ್ಲಿ ನಡೆಯಬೇಕು. ಸುಳ್ಳು ನಡೆದವನ ಮನೆಯನ್ನು ಆ ಮಣ್ಣೇ ನುಂಗುತ್ತದೆಂದು ನಂಬಿಕೆ. ಶಾಸ್ತ್ರದಲ್ಲಿಯೂ ಇದನ್ನು ಹೇಳಿದೆ. ಆ ಭಾಗವನ್ನು ನಾನು ಪಾಠ ಹೇಳಿದ್ದೆ. ನನ್ನನ್ನೇ ನಡೆಯಲು ಕೇಳಿದ್ದು ಅವನ ಔದಾರ್ಯವೋ ಬಲೆಯೋ, ಅಂದು ತಿಳಿಯಲಿಲ್ಲ. ಕಲ್ಲನ್ನು ನಾನು ಮುಚ್ಚಿದ್ದು ಯಾರಿಗೂ ಗೊತ್ತಿರಲಿಲ್ಲ. ಬನ್ನಿಯವರೆಗೆ ನಡೆದರೆ ಮರಗಳು ನಮ್ಮವು, ಬೆಳೆ ನಮ್ಮದು, ಮಾನವೂ ನಮ್ಮದು.

ಗಾಳಿ ಅಂದು ಆಷಾಢಕ್ಕೆ ಮೊದಲೇ ಎದ್ದಿತ್ತು. ಬಡಗಣ ಕಲ್ಲಿನಿಂದ ಹೊರಟೆ. ಒದ್ದೆ ತಲೆಗೆ ಹೆಂಟೆ ಕರಗಿ, ಕಪ್ಪು ನೀರು ಹಣೆಯ ವಿಭೂತಿಯನ್ನು ತೊಳೆದುಕೊಂಡು ಕಣ್ಣಿಗೆ ಇಳಿಯಿತು. ಬಲಗಡೆ ಮರಗಳ ಸಾಲು ಬುಸುಗುಟ್ಟುತ್ತಿತ್ತು. ಮೊದಲ ನಾಲ್ಕು ಮರಗಳ ಬುಡದಲ್ಲೇ ನಡೆದೆ. ಐದನೆಯದರಿಂದ ಕಾಲು ಸಾಲನ್ನು ಬಿಟ್ಟು ಎಡಕ್ಕೆ ಸರಿಯತೊಡಗಿತು. ಹಿಂದಿನಿಂದ ತಮ್ಮನ ದನಿ ಬಂತು:

“ಅಣ್ಣಾರ, ಮರ ಬಲಕ್ಕ ಅದಾವ್ರಿ. ಕಣ್ಣಾಗ ಮಣ್ಣು ಬಿತ್ತೇನ್ರಿ?”

ಮಣ್ಣು ಹೊತ್ತವನು ಮಾತಾಡುವಂತಿಲ್ಲ ಎಂಬ ನಿಯಮ ನನ್ನನ್ನು ಕಾಪಾಡಿತು. ಬನ್ನಿ ಆರು ಮೊಳ ದೂರದಲ್ಲಿ ಉಳಿದಾಗ ನಿಂತೆ. ಹೆಂಟೆಯನ್ನು ಇಳಿಸಿ, ಮಂಡಿಯೂರಿ, ಉಗುರಿನಿಂದ ಬಗೆದು ಕಲ್ಲಿನ ತಲೆಯನ್ನು ತೋರಿಸಿದೆ.

ಹಿರಿಯರಲ್ಲೊಬ್ಬರು ಬಗ್ಗಿ ಕಲ್ಲಿನ ಗೀಟುಗಳನ್ನು ಸವರಿ ಕೇಳಿದರು: “ಮೊದಲ ಗೊತ್ತಿತ್ತೇನ್ರಿ ಅಯ್ಯನವರ?”

“ಗೊತ್ತಿತ್ತು. ಎರಡು ವರ್ಷ ಆತು.”

ತಮ್ಮ ಹೊಲಿಗೆ ಹಾಕಿದ ಹೆಗಲನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಎದುರಿಗೆ ಬಂದು ನಿಂತ. “ಹಂಗಾದ್ರ ನಾ ಯಾರ ಮರಕ್ಕ ಕೊಡ್ಲಿ ಪೆಟ್ಟು ತಿಂದ್ನಿ, ಅಣ್ಣಾರ?” ಎಂದು ಕೇಳಿದ. ಆಮೇಲೆ ದಸರೆ ದಾಟುವವರೆಗೂ ಒಂದೇ ಮನೆಯಲ್ಲಿದ್ದು ನನ್ನೊಡನೆ ಮಾತಾಡಲಿಲ್ಲ.

ನೆರೆಯವನು ಅಂದು ಹೊರಟುಹೋದ. ಬಿತ್ತನೆಯ ಹದ ತಪ್ಪುತ್ತದೆಂದು ಅವಧಿಗೆ ಮುನ್ನವೇ ಪ್ಲಾಸ್ಟರನ್ನು ಕುಡುಗೋಲಿನಿಂದ ತಾನೇ ಸೀಳಿ ತೆಗೆದನಂತೆ. ಎಲುಬು ಸೊಟ್ಟಗೆ ಕೂಡಿಕೊಂಡಿತು. ಆಷಾಢದ ನಡುವೆ, ಗಾಳಿಗೆ ಮನುಷ್ಯ ನೆಟ್ಟಗೆ ನಿಲ್ಲಲಾರದ ಒಂದು ಮಧ್ಯಾಹ್ನ, ಕೊಡಲಿ ಹಿಡಿದು ಬಂದ. ಸುದ್ದಿ ತಿಳಿದು ನಾನೂ ಹೋದೆ. ಅದು ಅವನ ನೆಲ, ಅವನ ಮರ; ತಡೆಯುವ ಹಕ್ಕು ನನಗಿರಲಿಲ್ಲ. ನೋಡದಿರುವ ಹಕ್ಕೂ ಇಲ್ಲವೆನಿಸಿ ನಿಂತೆ.

ಬಲಗೈ ಕೊಡಲಿಯ ಕಾವನ್ನು ಹಿಡಿಯುತ್ತಿತ್ತು, ಎತ್ತುತ್ತಿರಲಿಲ್ಲ. ಎಡಗೈಯಿಂದಲೇ ಬೀಸಿದ. ಅಲಗು ಜಾರಿ ಸಿಪ್ಪೆ ಹರಿಯಿತು. ಇನ್ನೊಮ್ಮೆ ಜಾರಿ ಅವನ ಕಾಲಿನ ಪಕ್ಕ ನೆಲಕ್ಕೆ ಕಚ್ಚಿತು. ಅವನು ಮರವನ್ನು ಬೈದ, ನನ್ನನ್ನು ಬೈದ, ಮತ್ತೆ ಬೀಸಿದ. ಒಂದು ಬೇವನ್ನು ಕೆಡವಲು ಸಂಜೆಯವರೆಗೆ ಹಿಡಿಯಿತು. ಅದು ಕಡಿದಂತೆ ಬೀಳಲಿಲ್ಲ, ಗಾಳಿಗೆ ಸೀಳಿ, ನಾರುನಾರಾಗಿ ಕಿರುಚುತ್ತ ಬಿತ್ತು. ಮರುದಿನ ಒಂದು, ಮೂರನೆಯ ದಿನ ಒಂದು. ಮೂರನೆಯ ಮರ ಬಿದ್ದಾಗ ಅವನ ಅಂಗೈ ಸುಲಿದು ಕಾವು ಕೆಂಪಾಗಿತ್ತು. ಬಲ ಮುಂದೋಳು ಊದಿಕೊಂಡಿತ್ತು. ನನ್ನಿಂದ ತಡೆಯಲಾಗಲಿಲ್ಲ.

“ಕೊಡ್ಲಿ ಇತ್ತ ಕೊಡು, ತಮ್ಮಾ. ನೆಟ್ಟವ ನಾನು. ನಾನ ಕಡೀತೇನಿ.”

“ಆಣಿ ನಂದ್ರಿ,” ಎಂದ, ಉಸಿರು ಎಳೆದುಕೊಳ್ಳುತ್ತ. “ನಿಮ್ಮ ಕೈಗಿ ಕೊಟ್ರ ನೀವು ಅದಕ್ಕ ಪ್ರಾಯಶ್ಚಿತ್ತ ಅಂತ ಹೆಸರಿಡ್ತೀರಿ. ಒಲ್ಲೆ. ತೋಳು ನೆಟ್ಟಗಾಗಲಿ. ಆಮ್ಯಾಲ ನೋಡ್ತೇನಿ.”

ಕೊಡಲಿಯನ್ನು ಎಡ ಹೆಗಲಿಗೇರಿಸಿ ಹೋದ.

ಆ ತೋಳು ನೆಟ್ಟಗಾಗಲಿಲ್ಲ. ಅವನು ಆಣೆಯನ್ನೂ ಮುರಿಯಲಿಲ್ಲ. ಕಡಿಯುವ ಆಳುಗಳು ಬೇಕೆಂದಷ್ಟು ಸಿಗುವ ಕಾಲದಲ್ಲಿಯೂ, ಮರ ಕೊಯ್ಯುವ ಯಂತ್ರವೇ ಊರಿಗೆ ಬಂದ ಮೇಲೆಯೂ ಬೇರೆಯವರ ಕೈಗೆ ಕೆಲಸ ಕೊಡಲಿಲ್ಲ. ಉಳಿದವು ಈಗ ಮನೆಯ ಮಾಳಿಗೆಗಿಂತ ಎತ್ತರವಾಗಿವೆ. ಗಾಳಿ ಬಂದು ಅವುಗಳಿಗೆ ಬಡಿದು, ಹರಿದು ಚೂರಾಗಿ, ಸಣ್ಣ ಉಸಿರಾಗಿ ನಮ್ಮ ಹತ್ತಿಯ ಮೇಲೆ ಬರುತ್ತದೆ. ಬೆಳೆ ನಿಲ್ಲುತ್ತದೆ. ನಾನು ಆಡಿದ ಸತ್ಯದಿಂದ ಹೋಗಬೇಕಾಗಿದ್ದ ಮರಗಳು, ನಾನು ಹೊಡೆದ ಎರಡನೆಯ ಏಟಿನಿಂದ ಉಳಿದಿವೆ. ಇದಕ್ಕೆ ಯಾವ ಶಾಸ್ತ್ರದಲ್ಲಿಯೂ ನನಗೆ ವಿಧಿ ದೊರೆತಿಲ್ಲ. ಪೂಜೆಯ ಹೊತ್ತಿಗೆ ಪುಣ್ಯವನ್ನು ಬೇಡುವ ಮಾತು ಬಂದಾಗ ಆ ಸಾಲನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತೇನೆ.

ಪ್ರತಿ ಆಷಾಢಕ್ಕೆ ಅವನು ಗಡಿಗೆ ಬಂದು, ಅಂಗಿಯ ತೋಳು ಮೇಲೆ ಸರಿಸಿ, ಆ ಸೊಟ್ಟ ಕೈಯನ್ನು ನನ್ನ ಕಡೆಗೆ ಚಾಚುತ್ತಾನೆ. ಬೆರಳು ಮಡಚಿ ಬಿಚ್ಚಿ ತೋರಿಸುತ್ತಾನೆ. ಈ ವರ್ಷವೂ ಬಂದಿದ್ದ.

“ಈ ಸಲಾನೂ ಆಗಂಗಿಲ್ಲ ಅನ್ನಸ್ತೈತ್ರಿ, ಅಯ್ಯನವರ,” ಎಂದ.

ನಾನು ಕೈ ಮುಗಿದೆ. ಅವನು ಅದನ್ನು ನೋಡಿದಂತೆ ತೋರಲಿಲ್ಲ; ತೋಳು ಇಳಿಸಿಕೊಂಡು ತನ್ನ ತೊಗರಿಯ ಕಡೆ ಹೋದ.